ಹೂಂಗುಟ್ಟುವ ಆಳು

ತಪ್ಪು ಗಂಗಹನುಮಯ್ಯನವರದೇ. ಎರಡು ವರ್ಷ ಸುಮ್ಮನೆ ಕೂತು ಕೇಳಿದವರು ಇನ್ನೊಂದಷ್ಟು ದಿನ ಕೇಳಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಹಾಗೆ ಮಾಡದೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಅವರು ಬರೆದರು: ‘ನನಗೆ ಎಲ್ಲರಿಂದಲೂ ಮುಯ್ಯಿ ಬರಬೇಕಾಗಿದೆ. ಈ ಭಾನುವಾರ ಮಧುಗಿರಿಯ ನಮ್ಮ ಮನೆಯಲ್ಲಿ ನನ್ನ ಕತೆ ಓದುತ್ತೇನೆ. ಊಟವಿದೆ.’

ಸಂಜೆಯ ಹೊತ್ತಿಗೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಆ ಬಳಗದಲ್ಲಿ ಅದಕ್ಕೆ ‘ನೋಡೋಣ’ ಎಂದು ಅರ್ಥ.

ಮುಯ್ಯಿಯ ವಿಚಾರ ಹೇಳಿಬಿಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬರೆಯುವವರೆಲ್ಲ ಸೇರಿ ‘ನಾಲ್ಕೂರು ಬಳಗ’ ಎಂದು ಮಾಡಿಕೊಂಡಾಗ ಮೊದಲ ಸಭೆಯಲ್ಲೇ ಒಂದು ಕೊರತೆ ಕಂಡಿತು. ಬಂದವರೆಲ್ಲ ಓದುವವರು, ಕೇಳುವವರು ಒಬ್ಬರೂ ಇಲ್ಲ. ಒಬ್ಬರು ಓದಲು ಎದ್ದರೆ ಉಳಿದವರು ಫೋನು ಬಂದಂತೆ ಮಾಡಿ ಹೊರಗೆ ಹೋಗುತ್ತಿದ್ದರು. ಇದಕ್ಕೆ ಮದ್ದು ಹುಡುಕಿದವರು ಕೊಳಾಲದ ದೊಡ್ಡರಂಗಪ್ಪ. ಅವರು ರಾಗಿ, ಕಡಲೆಕಾಯಿ ಬೆಳೆಯುತ್ತಾರೆ, ಬಿಡುವಿನಲ್ಲಿ ಉದ್ದುದ್ದ ಕಥನಕವನ ಬರೆಯುತ್ತಾರೆ. “ಹೊಲದಾಗೆ ಹೆಂಗೆ ಮಾಡ್ತೀವೋ ಅಂಗೇ ಮಾಡನ” ಎಂದರು. ಇವತ್ತು ನಿನ್ನ ಹೊಲದಲ್ಲಿ ನಾನು ಕಳೆ ಕಿತ್ತರೆ ನಾಳೆ ನನ್ನ ಹೊಲದಲ್ಲಿ ನೀನು ಕೀಳಬೇಕು, ಅದು ಮುಯ್ಯಾಳು. ಹಾಗೆಯೇ ನಾನು ನಿನ್ನದನ್ನು ಕೇಳಿದರೆ ನೀನು ನನ್ನದನ್ನು ಕೇಳಬೇಕು. ಕೇಳಿದ ಮೇಲೆ ಒಳ್ಳೆಯ ಮಾತನ್ನೇ ಆಡಬೇಕು. ಬಳಗ ಈ ನಿಯಮದ ಮೇಲೆ ನಿಂತಿತು.

ಇದಕ್ಕೊಂದು ಉಪನಿಯಮವೂ ಇತ್ತು. ಅದನ್ನು ಮಾಡಿಸಿದವರು ಗಂಗಹನುಮಯ್ಯನವರೇ. ಒಮ್ಮೆ ಪಾವಗಡದಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ರೇಣುಕಪ್ರಸಾದರ ಚುಟುಕ ಕೇಳಲು ಇವರು ಬಿಸಿಲಲ್ಲಿ ಬಸ್ಸು ಹಿಡಿದು ಹೋದರು. ರೇಣುಕಪ್ರಸಾದರಿಗೆ ಅವತ್ತೇ ಹಲ್ಲುನೋವು. ದವಡೆ ಊದಿ, ಬಾಯಿ ತೆರೆಯಲಾಗಲಿಲ್ಲ. “ಓದೇ ಇಲ್ಲ ಅಂದ್ಮೇಲೆ ಮುಯ್ಯಿ ಹೆಂಗೆ?” ಎಂದು ಯಾರೋ ಕೇಳಿದರು. ಗಂಗಹನುಮಯ್ಯ ಬಿಡಲಿಲ್ಲ. “ಆಳು ಹೊಲಕ್ಕೆ ಬಂದ್ಮೇಲೆ ಮಳೆ ಬಂದ್ರೆ ಅದು ಆಳಿನ ತಪ್ಪಾ? ಬಂದಿದ್ದು ಬಂದಂಗೇ” ಎಂದರು. ದೊಡ್ಡರಂಗಪ್ಪ ತಲೆದೂಗಿ, “ನ್ಯಾಯವಾದ ಮಾತು. ಆಳು ಬಂದ್ರೆ ಲೆಕ್ಕ” ಎಂದು ತೀರ್ಪು ಕೊಟ್ಟರು. ಗಂಗಹನುಮಯ್ಯ ಗೆದ್ದು ಮನೆಗೆ ಬಂದರು.

ಅವರು ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಕೆಲಸ. “ಮಿಡಿಗೇಶಿ ಮಾರ್ಗವಾಗಿ ಪಾವಗಡಕ್ಕೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ” ಎಂದು ಸ್ಪಷ್ಟವಾಗಿ, ಎರಡೆರಡು ಸಲ ಹೇಳಿ ಅವರು ಮೈಕು ಕೆಳಗಿಡುವಷ್ಟರಲ್ಲಿ ಕಿಟಕಿಯಲ್ಲಿ ಒಂದು ತಲೆ ಕಾಣುತ್ತಿತ್ತು. “ಸಾರ್, ಪಾವಗಡ ಬಸ್ ಎಲ್ಲಿ?” ಮೂವತ್ತು ವರ್ಷ ಇದೇ. ಅವರ ದನಿಗೆ ನಿಲ್ದಾಣದ ನಾಯಿ ಕೂಡ ಕಿವಿ ನಿಮಿರಿಸುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಕೂತು ಒಂದು ಕತೆ ಬರೆದರು. ನಿಲ್ದಾಣದ ಕಂಬಕ್ಕೆ ಒರಗಿ ದಿನವೂ ಸಂಜೆ ಕಾಯುತ್ತಿದ್ದ ಒಬ್ಬ ಹೆಂಗಸಿನ ಕತೆ. ಬಿಳಿ ಹಾಳೆಯಲ್ಲಿ ನಲವತ್ತು ಪುಟ ಬಂತು. ಅದನ್ನು ಅಚ್ಚು ಹಾಕಿಸಬೇಕು, ಬಹುಮಾನ ಬರಬೇಕು ಎಂಬ ಆಸೆಯೇನೂ ಇರಲಿಲ್ಲ. ಒಂದೇ ಆಸೆ: ಜೀವಮಾನದಲ್ಲಿ ಒಂದು ಸಲ ತಾವು ಬಾಯಿ ಬಿಟ್ಟಾಗ ಯಾರಾದರೂ ಕಡೆಯವರೆಗೆ ಕೇಳಬೇಕು.

ಆದರೆ ಬಳಗ ಸೇರಿದ ದಿನವೇ ಅವರಿಗೆ ಬೇರೆ ಹೆಸರು ಬಂದುಬಿಟ್ಟಿತು. ಅವರಷ್ಟು ಚೆನ್ನಾಗಿ ಹೂಂಗುಟ್ಟುವವರು ನಾಲ್ಕೂರಿನಲ್ಲಿ ಇರಲಿಲ್ಲ. ಸಾಲು ಮುಗಿದರೆ ಒಂದು ಹೂಂ, ಪ್ರಾಸ ಬಿದ್ದರೆ ಒಂದು ಉದ್ದ ಹೂಂ, ಓದುವವರು ನೀರು ಕುಡಿಯಲು ನಿಲ್ಲಿಸಿದರೆ “ಆಮೇಲೆ?” ಕಣ್ಣು ಮುಚ್ಚಿ ಜೋಂಪು ಹತ್ತಿದ್ದಾಗಲೂ ಅವರ ಹೂಂ ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಇಂಥ ಆಳನ್ನು ಯಾರು ಬಿಡುತ್ತಾರೆ? “ನಿಮ್ದು ಮುಂದಿನ ಸಲ ಸಾರ್” ಎನ್ನುತ್ತ ಎರಡು ವರ್ಷ ಕಳೆಯಿತು.

ಅಂತೂ ಭಾನುವಾರ ಬಂತು. ಬೆಳಿಗ್ಗೆಯೇ ಫೋನುಗಳು ಶುರುವಾದವು. ಮೊದಲು ಶಿರಾದಿಂದ ವನಜಾಕ್ಷಿ ಮೇಡಂ. ಅವರು ಹೈಸ್ಕೂಲು ಟೀಚರು, ಪ್ರಾರ್ಥನಾ ಗೀತೆ ಬರೆಯುವುದರಲ್ಲಿ ಎತ್ತಿದ ಕೈ.

“ಸಾರ್, ಇವತ್ತು ನಮ್ಮನೇಗೆ ನಾದಿನಿ ಬರ್ತಿದ್ದಾರೆ.”

“ನಿಮ್ಮ ನೂರೆಂಟು ಚರಣದ ಗೀತೆ ಕೇಳೋಕೆ ನಾನು ಮೊಮ್ಮಗಳ ನಾಮಕರಣ ಬಿಟ್ಟು ಬಂದಿದ್ದೆ ಮೇಡಂ.”

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. “ಬರ್ತೀನಿ ಬಿಡಿ ಸಾರ್. ಸಂಜೆ ಮಾತ್ರ ಜಲ್ದಿ ಬಿಡ್ಬೇಕು.”

ಆಮೇಲೆ ರೇಣುಕಪ್ರಸಾದ್. ಗಡಿ ಕಡೆಯವರಾದ್ದರಿಂದ ಅವರ ಮಾತಿನಲ್ಲಿ ಅರ್ಧ ತೆಲುಗು. “ಸಾರ್, ಅಂಗಡಿ ಬಿಟ್ಟು ಹೆಂಗೆ ಬರ್ಲಿ? ಜ್ವರಕ್ಕೆ ಭಾನುವಾರ ಲೇದು ಕದಾ ಸಾರ್?”

“ನಿಮ್ಮ ಹಲ್ಲುನೋವು ನೋಡೋಕೆ ನಾನು ಪಾವಗಡಕ್ಕೆ ಬಂದಿದ್ದೆ.”

“ಅಯ್ಯೋ, ಅದೊಕಟಿ ಎತ್ಬೇಡಿ ಸಾರ್. ಬರ್ತೀನಿ.”

ಹೀಗೆ ಒಬ್ಬೊಬ್ಬರನ್ನೂ ಎಳೆದು ಹಗ್ಗಕ್ಕೆ ಕಟ್ಟುವಷ್ಟರಲ್ಲಿ ಗಂಗಹನುಮಯ್ಯನವರಿಗೆ ಸಂತೆಯಿಂದ ಹೋರಿ ಹೊಡೆದುಕೊಂಡು ಬಂದಷ್ಟು ಸುಸ್ತಾಯಿತು. ಅಡುಗೆಮನೆಯಲ್ಲಿ ಹೆಂಡತಿ ಯಶೋದಮ್ಮ ಮುದ್ದೆಗೆ ಎಸರಿಟ್ಟು ಕೋಳಿಸಾರಿಗೆ ಖಾರ ರುಬ್ಬುತ್ತಿದ್ದರು.

“ಅಲ್ಲ ಕಣ್ರೀ, ಮುದ್ದೆ ಉಂಡ್ರೆ ನಿದ್ದೆ ಬರುತ್ತೆ. ನೀವು ಓದಿದ್ರೂ ನಿದ್ದೆ ಬರುತ್ತೆ. ಎರಡನ್ನೂ ಒಂದೇ ದಿನ ಯಾಕಿಟ್ಕೊಂಡ್ರಿ?”

“ನೀನೇ ಕೇಳಿದ್ರೆ ಅವರೆಲ್ಲ ಯಾಕೆ ಬೇಕಿತ್ತು?”

“ನಾನಾ? ಸ್ಟ್ಯಾಂಡ್ ಪಕ್ಕದಲ್ಲೇ ಮನೆ ಮಾಡಿದ್ರಿ. ಮೂವತ್ತು ವರ್ಷ ಹಗಲೆಲ್ಲ ಮೈಕಲ್ಲಿ ಕೇಳಿದ್ದೀನಿ, ರಾತ್ರಿ ಮನೇಲಿ ಕೇಳಿದ್ದೀನಿ. ನನ್ನ ಪಾಲು ಮುಗ್ದೈತೆ.”

ಅದು ನಿಜ. ಅವರ ಮನೆ ನಿಲ್ದಾಣಕ್ಕೆ ಕೂಗಳತೆ. ಈಗಲೂ ಹೊಸ ಕಂಟ್ರೋಲರನ ದನಿ ಕಿಟಕಿಯಿಂದ ಒಳಗೆ ಬಂದು ಸಾರಿನ ವಾಸನೆಯ ಜೊತೆ ಕಲೆಯುತ್ತಿತ್ತು.

ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂದು ಬಾಗಿಲಲ್ಲಿ ಇಳಿದವು. ಎದುರುಮನೆಯ ಕೊಲ್ಲಾಪುರಮ್ಮ ಜಗುಲಿಯಿಂದಲೇ ಕತ್ತು ಚಾಚಿದಳು. ಎಪ್ಪತ್ತು ದಾಟಿದ ಆಕೆಗೆ ಬೀದಿಯ ಯಾವ ಮನೆಯಲ್ಲಿ ಏನು ಬೆಂದರೂ ಗೊತ್ತಾಗಬೇಕು.

“ಗಂಗಣ್ಣ, ಚೇರು ತರಿಸ್ತಿದ್ದೀಯಲ್ಲ, ಯಾರು ಹೋಗ್ಬುಟ್ರಪ್ಪಾ?”

“ಯಾರೂ ಹೋಗಿಲ್ಲ ಕಣಮ್ಮ. ನಾಲ್ಕು ತಾಲ್ಲೂಕಿಂದ ಜನ ಬರ್ತಾರೆ.”

ನಾಲ್ಕು ತಾಲ್ಲೂಕಿನಿಂದ ಬಂದು ಕುರ್ಚಿ ಹಾಕಿಸಿಕೊಂಡು ಕೂರುವವರು ಪಿಂಚಣಿ ಮಾಡಿಕೊಡುವ ಆಫೀಸರುಗಳಲ್ಲದೆ ಇನ್ಯಾರು? ಕೊಲ್ಲಾಪುರಮ್ಮ ಒಳಗೆ ಹೋದವಳು ಆಧಾರ್ ಕಾರ್ಡು ಹಿಡಿದು ಬಂದಳು. ಹಿಂದೆಯೇ ಬೀದಿಯ ಇನ್ನಿಬ್ಬರು ಮುದುಕಿಯರು. ಬಳಗದವರು ಒಬ್ಬೊಬ್ಬರಾಗಿ ಬಂದಾಗ ಈ ಮೂವರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ರೇಣುಕಪ್ರಸಾದ್ ಬ್ಯಾಗು ಕೆಳಗಿಡುವ ಮೊದಲೇ ಒಬ್ಬ ಮುದುಕಿ ಹೆಬ್ಬೆಟ್ಟು ಚಾಚಿದಳು.

“ಇದೇಮಿ ಸಾರ್?” ಎಂದು ಅವರು ಹಿಂದೆ ಸರಿದರು.

“ಇಲ್ಲಿ ಪಿಂಚಣಿ ಕೊಡಲ್ಲ ಕಣ್ರಮ್ಮಾ. ಕತೆ ಓದ್ತೀವಿ” ಎಂದು ಗಂಗಹನುಮಯ್ಯ ಮೂರು ಸಲ ಹೇಳಿದರು. ಎಂದಿನಂತೆ ಯಾರೂ ಕೇಳಿಸಿಕೊಳ್ಳಲಿಲ್ಲ. ಕಡೆಗೆ ಯಶೋದಮ್ಮ ಬಂದು ಒಂದೇ ಮಾತು ಹೇಳಿದ ಮೇಲೆ ಇಬ್ಬರು ಶಾಪ ಹಾಕುತ್ತ ಎದ್ದರು. ಕೊಲ್ಲಾಪುರಮ್ಮ ಏಳಲಿಲ್ಲ. “ಮನೇಲಿ ಸೊಸೆ ಟೀವಿ ಹಾಕ್ಕಂಡವ್ಳೆ. ಇಲ್ಲೇ ಬಾಗಿಲತ್ರ ಕುಂತಿರ್ತೀನಿ” ಎಂದು ಹೊಸ್ತಿಲ ಬಳಿ ಜಾಗ ಹಿಡಿದಳು.

ಊಟಕ್ಕೆ ಮೊದಲೇ ಓದಿಬಿಡಬೇಕೆಂದು ಗಂಗಹನುಮಯ್ಯ ಹಾಳೆ ತೆಗೆದರು. ದೊಡ್ಡರಂಗಪ್ಪ ಕೈ ಹಿಡಿದರು.

“ಹಸ್ದಿರೋ ಕಿವಿಗೆ ಕತೆ ಹಿಡಿಯಕ್ಕಿಲ್ಲ ಗಂಗಣ್ಣ.”

ಉಂಡರು. ದೊಡ್ಡರಂಗಪ್ಪ ಎರಡು ಮುದ್ದೆ, ರೇಣುಕಪ್ರಸಾದ್ ಎರಡೂವರೆ. ಕೊಡಿಗೇನಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡು ಪ್ರೇಮಕವಿತೆ ಬರೆಯುವ ಚೇತನ್ ಕುಮಾರ್ ಬೈಕಿನಲ್ಲಿ ತಡವಾಗಿ ಬಂದು ತಪ್ಪಿಹೋಗಿದ್ದ ಪಾಲನ್ನೂ ಸೇರಿಸಿ ಉಂಡ. ಕೈ ತೊಳೆದು ಬಂದ ಮೇಲೆ ಗಂಗಹನುಮಯ್ಯ ಮತ್ತೆ ಹಾಳೆ ತೆಗೆದರು.

“ಸಾರ್, ಎರಡು ವರ್ಷದ ಮೇಲೆ ಮೊದಲ ಓದು. ಅದನ್ನ ಹೀಗೆ ಬೋಳುಬೋಳಾಗಿ ಮಾಡೋದಾ?” ಎಂದರು ವನಜಾಕ್ಷಿ ಮೇಡಂ. “ಪ್ರಾರ್ಥನೆ ಬೇಡ್ವಾ?”

“ಪ್ರಾಸ್ತಾವಿಕ ನುಡಿ ಬೇಕೇ ಬೇಕು” ಎಂದರು ದೊಡ್ಡರಂಗಪ್ಪ.

“ಪ್ರೋತ್ಸಾಹದ ಮಾತು ನೇನು ಚೆಪ್ತಾನು” ಎಂದರು ರೇಣುಕಪ್ರಸಾದ್.

ಗಂಗಹನುಮಯ್ಯನವರ ಕಣ್ಣು ಒದ್ದೆಯಾಯಿತು. ತಮಗಾಗಿ ಇಷ್ಟೆಲ್ಲ ಮಾಡುತ್ತಾರಲ್ಲ ಎಂದುಕೊಂಡು ಒಪ್ಪಿದರು. ಇದು ಅವರ ಎರಡನೆಯ ತಪ್ಪು.

ಮೇಡಂ ಹಾಡಿದ ಪ್ರಾರ್ಥನೆ ಅವರೇ ಹೊಸದಾಗಿ ಬರೆದದ್ದು. ಅದರಲ್ಲಿ ಗಣಪತಿಯಿಂದ ಹಿಡಿದು ನಾಲ್ಕು ತಾಲ್ಲೂಕಿನ ಕೆರೆಗಳವರೆಗೆ ಎಲ್ಲರಿಗೂ ಒಂದೊಂದು ಚರಣವಿತ್ತು. ಯಾವುದೋ ಕೆರೆಯ ಹತ್ತಿರ ಅವರು ಉಸಿರಿಗೆ ನಿಂತರು. ಅಲ್ಲಿಗೇ ಮುಗಿಸಿಬಿಡುತ್ತಿದ್ದರೋ ಏನೋ. ಆದರೆ ಗಂಗಹನುಮಯ್ಯ ಅಭ್ಯಾಸಬಲದಿಂದ “ಹೂಂ… ಆಮೇಲೆ?” ಎಂದುಬಿಟ್ಟರು. ಮೇಡಂ ಮುಖ ಅರಳಿತು. ಇನ್ನೂ ಆರು ಕೆರೆ ತುಂಬಿದವು.

ದೊಡ್ಡರಂಗಪ್ಪನವರ ಪ್ರಾಸ್ತಾವಿಕ ನುಡಿ ಬಳಗದ ಹುಟ್ಟಿನಿಂದ ಶುರುವಾಗಿ ಅವರದೇ ಕಥನಕವನದ ಮೂರನೇ ಸಂಧಿಗೆ ಹೋಯಿತು. ಸಾಕುಮಾಡಿ ಎಂದು ಹೇಳಲು ಗಂಗಹನುಮಯ್ಯ ಬಾಯಿ ತೆರೆದರು. ಹೊರಗೆ ಬಂದದ್ದು ಹೂಂ. ರೇಣುಕಪ್ರಸಾದರ ಪ್ರೋತ್ಸಾಹದ ಮಾತಿನಲ್ಲಿ ಪ್ರೋತ್ಸಾಹ ಒಂದು ಸಾಲು, ಉಳಿದದ್ದು ಚುಟುಕ. ಅವರ ಪದ್ಧತಿಯೇನೆಂದರೆ ನಾಲ್ಕು ಸಾಲಿನ ಚುಟುಕ ಓದಿ ಅದನ್ನು ನಲವತ್ತು ಸಾಲಿನಲ್ಲಿ ವಿವರಿಸುವುದು.

“ಅರ್ಥಂ ಐಂದಾ ಸಾರ್? ಇಲ್ಲಿ ಮಾತ್ರೆ ಅಂದ್ರೆ ಬರೀ ಮಾತ್ರೆ ಅಲ್ಲ, ಬದುಕು.”

“ಹೂಂ” ಎಂದರು ಗಂಗಹನುಮಯ್ಯ. ಅವರ ದನಿಯಲ್ಲಿ ಕಸುವಿರಲಿಲ್ಲ. ಹೂಂ ಮಾತ್ರ ಸರಿಯಾದ ಜಾಗದಲ್ಲೇ ಬಿತ್ತು.

ಚೇತನ್ ಕುಮಾರ್ ಕವಿತೆ ಓದಲಿಲ್ಲ. ತನ್ನ ಕವಿತೆಗೆ ತಾನೇ ಮಾಡಿದ ವಿಡಿಯೋವನ್ನು ಫೋನಿನಲ್ಲಿ ಎಲ್ಲರಿಗೂ ಒಬ್ಬೊಬ್ಬರಾಗಿ ತೋರಿಸಿದ.

ಸರದಿ ಬರುವ ಹೊತ್ತಿಗೆ ಹೊರಗೆ ಬೆಳಕು ಇಳಿದಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತು. ಮುದ್ದೆ ತನ್ನ ಕೆಲಸ ಮಾಡಿತ್ತು. ದೊಡ್ಡರಂಗಪ್ಪ ಗೋಡೆಗೊರಗಿ ಬಾಯಿ ತೆರೆದಿದ್ದರು. ಮೇಡಂ ಕನ್ನಡಕದ ಹಿಂದೆ ಕಣ್ಣು ಮುಚ್ಚಿದ್ದರು. ರೇಣುಕಪ್ರಸಾದರ ತಲೆ ಚೇತನನ ಭುಜದ ಮೇಲೆ, ಚೇತನನ ತಲೆ ರೇಣುಕಪ್ರಸಾದರ ತಲೆಯ ಮೇಲೆ. ಎಲ್ಲರೂ ಬ್ಯಾಗನ್ನು ಮಾತ್ರ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದಿದ್ದರು, ನಿಲ್ದಾಣದ ಬೆಂಚಿನ ಮೇಲೆ ಮಲಗಿದ ಪ್ರಯಾಣಿಕರಂತೆ.

ಗಂಗಹನುಮಯ್ಯ ಒಮ್ಮೆ ಎಲ್ಲರನ್ನೂ ನೋಡಿದರು. ಮಲಗಿರಲಿ, ದನಿ ಚೆನ್ನಾಗಿದ್ದರೆ ಎದ್ದಾರು ಎಂದುಕೊಂಡರು. ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಸಂಜೆಯಾಗಿತ್ತು. ನಿಲ್ದಾಣದ ಕಂಬಕ್ಕೆ ಒರಗಿ ಒಬ್ಬ ಹೆಂಗಸು ನಿಂತಿದ್ದಳು. ಅವಳ ಕೈಯಲ್ಲಿ ಒಂದು ಖಾಲಿ ಚೀಲವಿತ್ತು. ಅಷ್ಟರಲ್ಲಿ ಮೈಕು ಕೂಗಿತು…”

ಇಲ್ಲಿ ಅವರು ದನಿ ಬದಲಿಸಿದರು. ಮನೆಯಲ್ಲಿ ಯಾರೂ ಇಲ್ಲದಾಗ ಎಷ್ಟೋ ಸಲ ಅಭ್ಯಾಸ ಮಾಡಿದ ಭಾಗವಿದು. ಮೂಗಿನಿಂದ ಹೊರಡುವ, ಪ್ರತಿ ಪದದ ಕೊನೆಯನ್ನು ಸ್ವಲ್ಪ ಎಳೆಯುವ, ಮೂವತ್ತು ವರ್ಷದ ಆ ದನಿ ಪೂರ್ತಿಯಾಗಿ ಬಂತು.

“ಪ್ರಯಾಣಿಕರ ಗಮನಕ್ಕೆ! ನಾಳೆ ಬಂದ್ ಇರುವುದರಿಂದ ಪಾವಗಡ, ಶಿರಾ, ಕೊರಟಗೆರೆ ಕಡೆಗೆ ಹೋಗುವ ಕಡೆಯ ಬಸ್ಸುಗಳು ಈಗ ಹೊರಡುತ್ತಿವೆ! ಇದಾದ ಮೇಲೆ ಯಾವುದೇ ಬಸ್ಸು ಇರುವುದಿಲ್ಲ!”

ದೊಡ್ಡರಂಗಪ್ಪನವರ ಬಾಯಿ ಮುಚ್ಚಿತು, ಕಣ್ಣು ತೆರೆಯಿತು.

“ಲೇ, ಕಡೇ ಬಸ್ಸಂತೆ ಕಣ್ಲಾ!”

“ರಾಂಡಿ, ಬನ್ನಿ ಬನ್ನಿ! ಮಾ ಬಸ್ಸು!” ಎಂದು ರೇಣುಕಪ್ರಸಾದ್ ಎದ್ದ ರಭಸಕ್ಕೆ ಚೇತನನ ತಲೆ ಗೋಡೆಗೆ ಬಡಿಯಿತು. ಮೇಡಂ ಒಂದು ಚಪ್ಪಲಿ ತಮ್ಮದು, ಒಂದು ಯಶೋದಮ್ಮನದು ಮೆಟ್ಟಿಕೊಂಡು, “ಚೇತನ್, ಬೈಕ್ ತೆಗಿಯಪ್ಪಾ, ಸ್ಟ್ಯಾಂಡ್‌ಗೆ ಬಿಡು, ಜಲ್ದಿ!” ಎಂದರು. ಎರಡು ಕುರ್ಚಿ ಉರುಳಿದವು. ಕೊಲ್ಲಾಪುರಮ್ಮನನ್ನು ಒಬ್ಬೊಬ್ಬರೂ ದಾಟಿಕೊಂಡು ಹೋದರು.

“ಅದು ಕತೆ! ಕತೇಲಿ ಬರೋದು!” ಎಂದು ಗಂಗಹನುಮಯ್ಯ ಹಾಳೆ ಬೀಸುತ್ತ ಬೀದಿಗೆ ಬಂದರು. “ಬಂದ್ ಇಲ್ಲ! ಇನ್ನೂ ಬೇಕಾದಷ್ಟು ಬಸ್ ಅವೆ!”

ಇದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಬೀದಿಯ ತಿರುವಿನಲ್ಲಿ ಬಳಗ ಮರೆಯಾಯಿತು. ಗಂಗಹನುಮಯ್ಯ ನಿಂತಲ್ಲೇ ನಿಂತರು. ತಮ್ಮ ಘೋಷಣೆ ಕೇಳಿ ಪ್ರಯಾಣಿಕರು ಎದ್ದು ಓಡಿದ್ದು ಇದೇ ಮೊದಲು. ಕೆಲಸದಲ್ಲಿದ್ದಾಗ ಹೀಗೆ ಒಂದು ದಿನ ಆಗಿದ್ದರೂ ಅವರು ನೆಮ್ಮದಿಯಾಗಿ ನಿವೃತ್ತರಾಗುತ್ತಿದ್ದರು, ಕತೆ ಬರೆಯುತ್ತಲೇ ಇರಲಿಲ್ಲ.

ಒಳಗೆ ಬಂದು ಉರುಳಿದ ಕುರ್ಚಿ ಎತ್ತಿಟ್ಟರು. ಹೇಗೂ ಮುಯ್ಯಿ ಉಳಿದಿದೆ, ಇನ್ನೊಂದು ಭಾನುವಾರ ಕರೆಯಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗ ಫೋನು ಗುಂಯ್ ಎಂದಿತು. ಗುಂಪಿನಲ್ಲಿ ಸಂದೇಶಗಳು. ಬೈಕಿನ ಚೇತನನನ್ನು ಬಿಟ್ಟು ಉಳಿದ ಎಲ್ಲರಿಗೂ ಬಸ್ಸು ಸಿಕ್ಕಿತ್ತು, ಸೀಟೂ ಸಿಕ್ಕಿತ್ತು. ಬಂದ್ ಇಲ್ಲವೆಂದು ಕಂಡಕ್ಟರನೇ ಹೇಳಿದ್ದ. ಆದರೂ ಯಾರೂ ಇಳಿದಿರಲಿಲ್ಲ.

‘ಮೊದಲ ಪುಟಕ್ಕೇ ಓದುಗರನ್ನು ಎಬ್ಬಿಸಿ ನಿಲ್ಲಿಸುವ ಕತೆ. ಅಭಿನಂದನೆಗಳು ಸಾರ್’ ಎಂದು ಚೇತನ್ ಬರೆದಿದ್ದ. ‘ವಾಸ್ತವಕ್ಕೆ ಬಹಳ ಹತ್ತಿರವಾದ ಬರವಣಿಗೆ’ ಎಂದು ಮೇಡಂ. ‘ಸೂಪರ್ ಸಾರ್, ಬರೀತಾ ಇರಿ’ ಎಂದು ರೇಣುಕಪ್ರಸಾದ್. ಕೇಳಿದ ಮೇಲೆ ಒಳ್ಳೆಯ ಮಾತನ್ನೇ ಆಡಬೇಕೆಂಬ ನಿಯಮವನ್ನು ಎಲ್ಲರೂ ಪಾಲಿಸಿದ್ದರು.

ಕೆಳಗೆ ದೊಡ್ಡರಂಗಪ್ಪನವರ ದನಿ ಸಂದೇಶ. ಬಸ್ಸಿನ ಗಡಗಡದ ನಡುವೆ ಅವರು ನಿಧಾನವಾಗಿ ಹೇಳುತ್ತಿದ್ದರು.

“ಗಂಗಣ್ಣ, ಊಟ ಬೋ ಪಸಂದಾಗಿತ್ತು. ಬಂದೋ, ಉಂಡೋ, ಕುಂತೋ. ಅಲ್ಲಿಗೆ ಎಲ್ಲಾರ ಮುಯ್ಯೂ ತೀರೋಯ್ತು. ಕತೆ ಪೂರ್ತಿ ಆಗ್ಲಿಲ್ಲ ಅಂತೀಯ, ಅದು ಮಳೆ ಬಂದಂಗೆ. ಆಳು ಬಂದ್ರೆ ಲೆಕ್ಕ ಅಂತ ಪಾವಗಡದಾಗೆ ನೀನೇ ಜಗಳ ಆಡಿದ್ದೀಯ. ಬರೋ ಭಾನ್ವಾರ ಕೊಳಾಲಕ್ಕೆ ಬಂದ್ಬುಡು, ನಂದು ನಾಕನೇ ಸಂಧಿ ಐತೆ.”

ಗಂಗಹನುಮಯ್ಯ ಫೋನು ಮಗುಚಿಟ್ಟರು. ನ್ಯಾಯವಾದ ಮಾತು. ಅದರಲ್ಲಿ ಎಲ್ಲಿಯೂ ತಪ್ಪು ಹುಡುಕಲಾಗಲಿಲ್ಲ. ಎರಡು ವರ್ಷ ಕೂಡಿಟ್ಟ ಹೂಂಗಳು ಒಂದು ಮಧ್ಯಾಹ್ನದಲ್ಲಿ ಮುದ್ದೆಯ ಜೊತೆ ಕರಗಿಹೋಗಿದ್ದವು. ಹಾಳೆಗಳನ್ನು ಜೋಡಿಸಿ ಕಪಾಟಿಗೆ ಇಡಲು ಎದ್ದರು.

“ಗಂಗಣ್ಣ.”

ಹೊಸ್ತಿಲಲ್ಲಿ ಕೊಲ್ಲಾಪುರಮ್ಮ ಇನ್ನೂ ಕೂತಿದ್ದಳು. ಮಧ್ಯಾಹ್ನದಿಂದ ಆಕೆ ಒಮ್ಮೆಯೂ ತೂಕಡಿಸಿರಲಿಲ್ಲ.

“ಆ ಕಂಬ ಒರಗ್ಕಂಡಿದ್ಲಲ್ಲ ಒಬ್ಳು, ಖಾಲಿ ಚೀಲ ಹಿಡ್ಕಂಡು. ಅವ್ಳಿಗೆ ಬಸ್ ಸಿಕ್ತಾ?”

ಗಂಗಹನುಮಯ್ಯ ಕಪಾಟು ಬಿಟ್ಟು ತಿರುಗಿದರು. ಎರಡು ವರ್ಷದಿಂದ, ಅಲ್ಲ, ಮೂವತ್ತೆರಡು ವರ್ಷದಿಂದ ಅವರು ಕಾಯುತ್ತಿದ್ದದ್ದು ಇದಕ್ಕೇ.

“ಕೇಳ್ತೀಯೇನಮ್ಮಾ? ಪೂರ್ತಿ ಕೇಳ್ತೀಯಾ?”

“ಅದ್ಯಾಕಂಗೆ ಅಂತೀಯ? ಕೇಳ್ತೀನಿ ಕಣಪ್ಪ. ಖಾಲಿ ಚೀಲ ಯಾಕೆ ತಂದವ್ಳೆ ಅಂತ ಆವಾಗಿಂದ ತಲೆ ಕೆಟ್ಟೋಗೈತೆ.”

ಅವರು ಅವಸರವಾಗಿ ಕುರ್ಚಿ ಎಳೆದು ಆಕೆಯ ಎದುರು ಕೂತರು. ಮೊದಲ ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ಆಗ ಕೊಲ್ಲಾಪುರಮ್ಮ ಕೈಯೆತ್ತಿ ತಡೆದಳು.

“ತಡಿ, ತಡಿ. ನಾನೇನು ಕಿವುಡೀನಾ? ನಿಮ್ದು ಮುಯ್ಯಿ ಇಸ್ಯ ಎಲ್ಲಾ ಕೇಳಿಸ್ಕಂಡೆ. ಆ ಕೊಳಾಲದಯ್ಯ ಎಷ್ಟು ಸಲ ಹೇಳ್ದ! ನಿಂದು ನಾನು ಕೇಳ್ಬೇಕು ಅಂದ್ರೆ ನಂದು ನೀನು ಕೇಳ್ಬೇಕಲ್ವಾ?”

“ಕೇಳ್ತೀನಿ ಕಣಮ್ಮ. ಇದು ಮುಗೀಲಿ.”

“ಅಂಗಾಯ್ತದಾ? ವಯಸ್ಸಲ್ಲಿ ದೊಡ್ಡೋಳು ನಾನು. ಮೊದ್ಲು ನಂದು.” ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ, ಹೊಸ್ತಿಲಿಗೆ ಸರಿಯಾಗಿ ಬೆನ್ನು ಕೊಟ್ಟಳು. “ನಂಗೆ ಮದ್ವೆ ಆದಾಗ ನಮ್ಮಪ್ಪ ಅರವತ್ತು ಕುರಿ ಕೊಟ್ಟು ಕಳಿಸ್ದ. ಅರವತ್ತು! ಇವತ್ತು ಒಂದೂ ಇಲ್ಲ. ಒಂದೊಂದಕ್ಕೂ ಏನೇನಾಯ್ತು ಅಂತ ನನ್ ಸೊಸೆಗೆ ಹೇಳಕ್ಕೋದ್ರೆ ಟೀವಿ ಸೌಂಡ್ ಜೋರು ಮಾಡ್ತಾಳೆ. ಮೊದ್ಲು ಆ ಕುಂಟು ಕುರಿ ಇಸ್ಯ ಹೇಳ್ತೀನಿ, ಕೇಳು. ಅದು ಹುಟ್ಟಿದ್ದೇ ಅಮಾಸೆ ದಿನ…”

ನಿಲ್ದಾಣದ ಕಡೆಯಿಂದ ಹೊಸ ಕಂಟ್ರೋಲರನ ದನಿ ಕೇಳಿಸಿತು. ಅವನು ಏನು ಹೇಳಿದನೆಂದು ಯಾರೂ ಗಮನಿಸಲಿಲ್ಲ. ಅಡುಗೆಮನೆಯಲ್ಲಿ ಯಶೋದಮ್ಮ ಪಾತ್ರೆ ತೊಳೆಯುತ್ತಿದ್ದರು. ಕುಂಟು ಕುರಿ ಬೇಲಿ ಹಾರಿ, ಪಕ್ಕದವರ ಹೊಲ ಸೇರಿ, ಪಂಚಾಯಿತಿಯ ಹತ್ತಿರ ಬಂದು ನಿಂತಿತು. ಕೊಲ್ಲಾಪುರಮ್ಮ ಉಸಿರಿಗೆ ನಿಲ್ಲಿಸಿದಳು.

ಗಂಗಹನುಮಯ್ಯ ಹಾಳೆಗಳನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡರು.

“ಹೂಂ” ಎಂದರು. “ಆಮೇಲೆ?”